ಉಂಗುರ ಬಿಗಿದ ಮೇಲೂ ಪ್ರಾಣಿಕೋಶ ಎರಡಾಗಿರುವುದಿಲ್ಲ

ಪ್ರಾಣಿಕೋಶ ನಡುವೆ ಹಿಸುಕಿಕೊಂಡು ಎರಡಾಗುತ್ತದೆ ಎಂದಷ್ಟೇ ಪಠ್ಯಪುಸ್ತಕದಲ್ಲಿದೆ, ಹಾಗಿರುವಾಗ ಕೋಶದೊಳಗಿನ ಪೊರೆಯ ಸಾಗಣೆಗೆ ಅಲ್ಲಿ ಏನು ಕೆಲಸ ಎಂದು ನೀವು ಕೇಳಿದ್ದೀರಿ. ಶಿವಮೊಗ್ಗದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು, ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಲಿ ಎಂದು ಪ್ರತಿವರ್ಷ ಕಾಯುತ್ತೇನೆ. ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ನಡುವೆ ಕಟ್ಟುವ ಉಂಗುರ ಕೋಶವನ್ನು ಹಿಸುಕಬಲ್ಲದೇ ಹೊರತು ಬೇರ್ಪಡಿಸಲಾರದು. ಬೇರ್ಪಡಿಸಲು ಬೇಕಾದುದನ್ನೆಲ್ಲ ಸರಿಯಾದ ಜಾಗಕ್ಕೆ ತಲುಪಿಸುವುದೇ ಪೊರೆ ಸಾಗಣೆಯ ಕೆಲಸ.

ಮೊದಲು ಪೊರೆಯ ಲೆಕ್ಕ ನೋಡೋಣ. ನಮ್ಮ ಕಡೆ ಕಡುಬಿಗೆ ಹಿಟ್ಟು ಉಂಡೆ ಕಟ್ಟುವುದನ್ನು ನೀವು ಕಂಡಿರಬಹುದು. ಒಂದು ದೊಡ್ಡ ಉಂಡೆಗೆ ತೆಳುವಾದ ಒದ್ದೆ ಬಟ್ಟೆಯನ್ನು ಸುಕ್ಕಿಲ್ಲದಂತೆ ಸುತ್ತಿ, ಆಮೇಲೆ ಅದೇ ಹಿಟ್ಟನ್ನು ಎರಡು ಸಮ ಉಂಡೆ ಮಾಡಿದರೆ, ಆ ಬಟ್ಟೆ ಎರಡಕ್ಕೂ ಸಾಲುವುದಿಲ್ಲ. ಗಾತ್ರ ಬದಲಾಗದೆ ಒಂದು ಗೋಳ ಎರಡಾದಾಗ ಮೇಲ್ಮೈ ಸುಮಾರು ಶೇ. 26ರಷ್ಟು ಹೆಚ್ಚುತ್ತದೆ. ಲಿಪಿಡ್ ಪೊರೆಯಾದರೋ ಶೇಕಡಾ ಕೆಲವೇ ಅಂಶ ಹಿಗ್ಗಿ ಹರಿದುಹೋಗುವಂಥದ್ದು. ಕೋಶದ ಮೇಲ್ಮೈಯಲ್ಲಿರುವ ಮಡಿಕೆಗಳು ಬಿಚ್ಚಿಕೊಂಡು ಸ್ವಲ್ಪ ಕೊರತೆ ತುಂಬುತ್ತವೆ. ಉಳಿದದ್ದಕ್ಕೆ ಕೋಶದೊಳಗೆ ಸರಕು ವಿಂಗಡಿಸುವ ಎಂಡೋಸೋಮ್ ಎಂಬ ಕೋಶಾಂಗಗಳಿಂದ ಪೊರೆಯ ಪುಟ್ಟ ಚೀಲಗಳು, ಎಂದರೆ ವೆಸಿಕಲ್‌ಗಳು, ಹೊರಪೊರೆಗೆ ಬಂದು ಸೇರುತ್ತವೆ.

ಸಸ್ಯದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಈರುಳ್ಳಿ ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಸಿ ಗಾಜಿನಡಿ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡು ಕೋಶಕೇಂದ್ರಗಳ ನಡುವೆ ತೆಳುವಾದ ಗೆರೆಯೊಂದು ಮೂಡಿರುತ್ತದೆ; ಸರಕು ಕಟ್ಟಿ ಕಳಿಸುವ ಗಾಲ್ಗಿ ಎಂಬ ಕೋಶಾಂಗದಿಂದ ಬಂದ ವೆಸಿಕಲ್‌ಗಳು ನಡುವಿನಿಂದ ಅಂಚಿನತ್ತ ಕಟ್ಟುತ್ತಾ ಹೋದ ಗೋಡೆ ಅದು. ಪ್ರಾಣಿಕೋಶದಲ್ಲಿ ಅಂಥ ಗೋಡೆ ಇಲ್ಲದ ಕಾರಣ, ವೆಸಿಕಲ್‌ಗಳಿಗೆ ಅಲ್ಲಿ ಪಾತ್ರವೇ ಇಲ್ಲವೆಂದು ಬಹಳ ಮಂದಿ ತಿಳಿದುಬಿಡುತ್ತಾರೆ.

ನಿಜವಾದ ಸೊಗಸು ಇರುವುದು ಕೊನೆಯ ಹಂತದಲ್ಲಿ. ಉಂಗುರ ಪೂರ್ತಿ ಬಿಗಿದ ಮೇಲೂ ಎರಡು ಮರಿಕೋಶಗಳನ್ನು ಮೈಕ್ರೋಟ್ಯೂಬ್ಯೂಲ್ ಎಂಬ ಪ್ರೋಟೀನ್ ನಳಿಕೆಗಳು ತುಂಬಿದ ಸಣ್ಣ ಸೇತುವೆಯೊಂದು ಹಿಡಿದಿರುತ್ತದೆ, ಅದರ ನಟ್ಟನಡುವೆ ಮಿಡ್‌ಬಾಡಿ ಎಂಬ ದಟ್ಟ ಗಂಟಿರುತ್ತದೆ. ಈ ಗಂಟನ್ನು ಜರ್ಮನ್ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ 1891ರಲ್ಲೇ ವಿವರಿಸಿದ್ದರು. ಸೇತುವೆ ಹೀಗೆಯೇ ಒಂದು ಗಂಟೆಗೂ ಹೆಚ್ಚು ಕಾಲ ಉಳಿಯಬಹುದು. ಈ ಅವಧಿಯಲ್ಲಿ ರ್ಯಾಬ್11 ಮತ್ತು ರ್ಯಾಬ್35 ಎಂಬ ಪ್ರೋಟೀನ್‌ಗಳು ವಿಳಾಸ ಬರೆದ ಚೀಟಿಯಂತೆ ಅಂಟಿಕೊಂಡಿರುವ ಎಂಡೋಸೋಮ್‌ಗಳು ಸೇತುವೆಯತ್ತ ಸಾಗುತ್ತವೆ. ಅವು ಹೊತ್ತು ತರುವುದು ಪೊರೆಯನ್ನಷ್ಟೇ ಅಲ್ಲ ಎಂಬುದನ್ನು ಗಮನಿಸಬೇಕು. ರ್ಯಾಬ್35ರ ನೆರವಿನಿಂದ ಒಸಿಆರ್‌ಎಲ್ ಎಂಬ ಕಿಣ್ವ ಅಲ್ಲಿಗೆ ಬಂದು, ಸೇತುವೆಯ ಪೊರೆಯಲ್ಲಿರುವ ಪಿಐಪಿ2 ಎಂಬ ಲಿಪಿಡನ್ನು ಕಡಿಮೆ ಮಾಡುತ್ತದೆ. ಅದು ಕಡಿಮೆಯಾದರೆ ತಾನೇ ಅದನ್ನು ನೆಚ್ಚಿ ನಿಂತ ಆಕ್ಟಿನ್ ಎಳೆಗಳು ತೆರವಾಗುವುದು, ಅವು ತೆರವಾಗದೆ ಸೇತುವೆ ಕತ್ತರಿಸುವುದಿಲ್ಲ. ಕಣ್ಣು, ಮಿದುಳು, ಮೂತ್ರಪಿಂಡಗಳನ್ನು ಬಾಧಿಸುವ ಲೋ ಸಿಂಡ್ರೋಮ್ ಈ ಒಸಿಆರ್‌ಎಲ್ ಜೀನಿನ ದೋಷದಿಂದಲೇ ಬರುತ್ತದೆ.

ಆಮೇಲೆ ಸಿಇಪಿ55 ಎಂಬ ಪ್ರೋಟೀನ್ ಮಿಡ್‌ಬಾಡಿಗೆ ಪೊರೆಯನ್ನು ಕತ್ತರಿಸುವ ಎಸ್ಕಾರ್ಟ್ ಎಂಬ ಪ್ರೋಟೀನ್‌ಗಳ ಯಂತ್ರಾಂಗವನ್ನು ಕರೆತರುತ್ತದೆ. ಅದರ ಮೂರನೆಯ ಗುಂಪಿನ ಪ್ರೋಟೀನ್‌ಗಳು ಸೇತುವೆಯ ಒಳಗೋಡೆಗೆ ಸುರುಳಿಯಾಗಿ ಸುತ್ತಿಕೊಂಡು ಕೊರಳನ್ನು ಕಿರಿದುಗೊಳಿಸಿದರೆ, ಸ್ಪಾಸ್ಟಿನ್ ಎಂಬ ಕಿಣ್ವ ಮೈಕ್ರೋಟ್ಯೂಬ್ಯೂಲ್‌ಗಳನ್ನು ತುಂಡರಿಸುತ್ತದೆ. ಕೊರಳನ್ನು ಹೊರಗಿನಿಂದಲ್ಲ, ಒಳಗಿನಿಂದ ಮುಚ್ಚುವ ಈ ಕೆಲಸಕ್ಕೆ ಬೇರೆ ಉಪಾಯ ಅಪರೂಪ. ಎಚ್‌ಐವಿ ಕೂಡ ಕೋಶದಿಂದ ಕಳಚಿಕೊಳ್ಳಲು ಇದೇ ಯಂತ್ರಾಂಗವನ್ನು ಬಳಸಿಕೊಳ್ಳುತ್ತದೆ.

ಸೇತುವೆಯಲ್ಲಿ ವರ್ಣತಂತುವಿನ ಎಳೆ ಸಿಕ್ಕಿಕೊಂಡಿದ್ದರೆ ಅರೋರಾ ಬಿ ಎಂಬ ಕಿಣ್ವ ಈ ಕತ್ತರಿಯನ್ನು ತಡೆಹಿಡಿಯುತ್ತದೆ. ಕತ್ತರಿಕೆ ಕೊನೆಗೂ ನಡೆಯದೆ ಸೇತುವೆ ಮತ್ತೆ ಅಗಲವಾಗಿ ಎರಡು ಭಾಗಗಳೂ ಕೂಡಿಕೊಂಡರೆ, ಎರಡು ಕೋಶಕೇಂದ್ರಗಳಿರುವ ಒಂದೇ ಕೋಶ ಉಳಿಯುತ್ತದೆ.