ಭಾವನವರ ಮಾತು ಬಿಡಿ, ಮೂರನೇ ವರ್ಷ ನೋಡಿ

ಹಾಸನದಿಂದ ಬಂದ ಪತ್ರ ನಾಲ್ಕು ಪುಟ. ಯಜಮಾನರಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ, ಏಪ್ರಿಲ್‌ನಲ್ಲಿ ಎಲ್ಲರೂ ಹೊರಡಬೇಕು. ಮಗಳೀಗ 8ನೇ ತರಗತಿ, ಒಂದರಿಂದಲೂ ಹಾಸನದಲ್ಲೇ ಓದಿದವಳು. ಯಜಮಾನರಿಗೆ ಸಿಬಿಎಸ್‌ಇ ಸಾಕು. ಅಲ್ಲೇ ನೆಲೆಸಿರುವ ಭಾವನವರಿಗೆ ಬ್ರಿಟಿಷ್ ಶಾಲೆಯೇ ಆಗಬೇಕು. ಮೂರೂವರೆ ಪುಟ ಇದೇ ಜಗಳ. ಕೊನೆಗೆ, ಎಲೆಯ ತುದಿಗೆ ಉಪ್ಪು ಬಡಿಸಿದಂತೆ, ಒಂದು ಸಾಲು: “ಇವರ ಕಾಂಟ್ರಾಕ್ಟ್ ಮೂರು ವರ್ಷ. ಆಮೇಲೆ ಅವಳು ಇಲ್ಲೇ ಸಿಇಟಿ ಬರೆದು ಇಂಜಿನಿಯರಿಂಗ್ ಓದಲಿ ಅಂತ ಆಸೆ.”

ಅಲ್ಲಮ್ಮ, ಪತ್ರ ಶುರುವಾಗಬೇಕಿದ್ದದ್ದೇ ಅಲ್ಲಿಂದ! 9, 10, 11. ಮೂರು ವರ್ಷ ಮುಗಿಯುವ ಹೊತ್ತಿಗೆ ಮಗು 12ರ ಹೊಸ್ತಿಲಲ್ಲಿರುತ್ತದೆ. ನೇರವಾಗಿ 12ಕ್ಕೆ ಸೇರಿಸಿಕೊಳ್ಳಿ ಅಂದರೆ ಸಿಬಿಎಸ್‌ಇ ಸುಲಭಕ್ಕೆ ಒಪ್ಪುವುದಿಲ್ಲ. ಬ್ರಿಟಿಷ್ ದಾರಿ ಹಿಡಿದರೆ ಐಜಿಸಿಎಸ್‌ಇ (ನಮ್ಮ 10ರ ಹಾಗೆ) ಎರಡು ವರ್ಷ, ಮೇಲೆ ಎ-ಲೆವೆಲ್ (ನಮ್ಮ ಪಿಯುಸಿಯ ಹಾಗೆ) ಎರಡು ವರ್ಷ. ಅಲ್ಲಿ ವರ್ಷ ಶುರುವಾಗುವುದೂ ಆಗಸ್ಟ್ ಕೊನೆಗೆ. ಗಂಟುಮೂಟೆ ಕಟ್ಟುವಾಗ ಎ-ಲೆವೆಲ್ ಅರ್ಧದಲ್ಲಿ.

ಇನ್ನು ಸಿಇಟಿ. ಸಾಮಾನ್ಯ ನಿಯಮದ ಪ್ರಕಾರ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು, ಜೊತೆಗೆ 10 ಅಥವಾ 12ರಲ್ಲಿ ಒಂದನ್ನಾದರೂ ಇಲ್ಲೇ ಪಾಸು ಮಾಡಿರಬೇಕು. ಏಳು ವರ್ಷ ನಿಮ್ಮ ಮಗಳ ಕೈಯಲ್ಲಿ ಆಗಲೇ ಇದೆ. ಎರಡೂ ಪರೀಕ್ಷೆ ಹೊರಗೆ ಬರೆದರೆ ಆ ದಾರಿ ಮುಚ್ಚಿತು.

ಭಾವನವರ ಮಕ್ಕಳು ಕಾಲೇಜಿಗೆ ಇಂಗ್ಲೆಂಡಿಗೆ ಹೋದರಂತೆ. ಅವರಿಗೆ ಆ ಶಾಲೆ ಸರಿಯೇ. ಆದರೆ ತಮ್ಮನ ಮಗಳ ಶಾಲೆಯಲ್ಲಿ ತಮ್ಮ ಅಂತಸ್ತು ನೋಡಿಕೊಳ್ಳುವ ದೊಡ್ಡವರ ಮೇಲೆ ನನಗೆ ಕನಿಕರವಿಲ್ಲ. “ಫೀಸು ಕಂಪನಿ ಕೊಡುತ್ತೆ ಬಿಡು” ಅಂದರಂತೆ. ಆಫರ್ ಲೆಟರ್‌ನಲ್ಲಿ ಇದೆಯೇ? ಕಾಗದದಲ್ಲಿಲ್ಲದ ಮಾತು ನಂಬಬೇಡಿ ಎಂದು ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ಚೀಟಿ ದುಡ್ಡಿಗೂ ಅದೇ, ಶಾಲೆ ಫೀಸಿಗೂ ಅದೇ.

ಏಪ್ರಿಲ್‌ಗೆ ಅಲ್ಲಿನ ಸಿಬಿಎಸ್‌ಇ ಶಾಲೆಗೆ ಸೇರಿಸಿ. ಯಾವ ಶಾಲೆ ಎಂಬುದಕ್ಕೆ ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ ಪ್ರಕಟಿಸಿರುವ ತಪಾಸಣಾ ವರದಿ ಓದಿ, ಈಜುಕೊಳದ ಫೋಟೋ ನೋಡಬೇಡಿ. 10 ಮುಗಿದದ್ದೇ ತಡ, ಮಗಳನ್ನು ಕರೆದುಕೊಂಡು ಬಂದು ಹಾಸನದಲ್ಲಿ ಫಸ್ಟ್ ಪಿಯುಸಿಗೆ ಸೇರಿಸಿ. ಉಳಿದ ಒಂದು ವರ್ಷ ಯಜಮಾನರು ಅಣ್ಣನ ಮನೆಯಲ್ಲಿ ಊಟ ಮಾಡಲಿ.