ಎನ್‌ಎಸ್‌ಎಸ್ ಸೇರಿದರೆ ಸಂಕೋಚ ಹೋಗುತ್ತಾ?

ನಾಲ್ಕು ಜನರ ಮುಂದೆ ಮಾತೇ ಬರೋದಿಲ್ಲ, ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದರೆ ಏನಾದರೂ ಬದಲಾಗುತ್ತಾ, ಇಲ್ಲ ಬರೀ ಸರ್ಟಿಫಿಕೇಟಾ ಅಂತ ಕೇಳಿದ್ದೀರಿ. ಖಂಡಿತ ಸೇರಿ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ. ಓದಿಗೆ ತೊಂದರೆ ಆಗುವಷ್ಟೇನಿಲ್ಲ.

ಶಿಬಿರದಲ್ಲಿ ಚರಂಡಿ ಸ್ವಚ್ಛ ಮಾಡಿದೆವು, ಗಿಡ ನೆಟ್ಟೆವು. ಚೆನ್ನಾಗಿತ್ತು. ಆದರೆ ನನ್ನನ್ನು ನಿಜವಾಗಿ ಬದಲಾಯಿಸಿದ್ದು ಕಣ್ಣು ಕಾಣದ ಒಬ್ಬರಿಗೆ ಪರೀಕ್ಷೆ ಬರೆದುಕೊಟ್ಟಿದ್ದು. ನಾನಾಗ ಮೊದಲ ವರ್ಷದ ಬಿ.ಕಾಂ., ಅವರು ಕೊನೆ ವರ್ಷದ ಬಿ.ಎ. ಇತಿಹಾಸದ ಪತ್ರಿಕೆ. ನಾನು ಪಿಸುಗುಟ್ಟುತ್ತಾ ಪ್ರಶ್ನೆ ಓದಿದೆ. "ಜೋರಾಗಿ ಓದಿ, ನನಗೆ ಇರೋದು ನಿಮ್ಮ ದನಿ ಒಂದೇ" ಅಂದರು. ಕಣ್ಣು ಕಾಣದವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇರುತ್ತೆ, ಹಾಗಾಗಿ ಮೂರು ಗಂಟೆಯ ಪತ್ರಿಕೆಗೆ ಒಟ್ಟು ನಾಲ್ಕು ಗಂಟೆ. ನಾನು ಅಷ್ಟು ಹೊತ್ತು ಯಾರ ಜೊತೆಗೂ ಮಾತಾಡಿದ್ದೇ ಇರಲಿಲ್ಲ.

ನಡುವೆ ಅವರ ಒಂದು ವಾಕ್ಯವನ್ನು ಸುಮ್ನೆ ಚಂದ ಮಾಡೋಣ ಅಂತ ತಿದ್ದಿದೆ. ವಾಪಸ್ ಓದಿಸಿಕೊಂಡಾಗ ತಕ್ಷಣ ಗೊತ್ತಾಯಿತು. "ಇದು ನನ್ನ ಮಾತಲ್ಲ, ಹೊಡೆದುಹಾಕಿ" ಅಂದರು. ನಾಚಿಕೆಯಾಯಿತು. ಸಹಾಯ ಮಾಡೋದು ಅಂದರೆ ಮೊದಲು ಕೇಳಿಸಿಕೊಳ್ಳೋದು ಅಂತ ಅವತ್ತು ತಿಳಿಯಿತು. ಮಾತಾಡುವ ಧೈರ್ಯವೂ ಅಲ್ಲಿಂದಲೇ ಬಂತು.

ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಕೇಳಿ, ಪರೀಕ್ಷೆ ಸಮಯದಲ್ಲಿ ಹೀಗೆ ಬರೆದುಕೊಡುವವರಿಗಾಗಿ ಜಾಸ್ತಿ ಹುಡುಕಾಟ ಇರುತ್ತದೆ. ಪರೀಕ್ಷೆಯ ಹಿಂದಿನ ದಿನವೇ ಹೋಗಿ, ನೀವು ಯಾರಿಗೆ ಬರೆದುಕೊಡುತ್ತೀರೋ ಅವರ ಜೊತೆ ಅರ್ಧ ಗಂಟೆ ಕೂತು ಬನ್ನಿ. ಇಬ್ಬರಿಗೂ ದನಿ ಪರಿಚಯ ಆಗಿರುತ್ತದೆ.