ಬಣ್ಣ ಆಮೇಲೆ, ಮೊದಲು ಹ್ಯಾಂಡಲ್ ತಿರುಗಲಿ
ಓದುಗರ ಪ್ರಶ್ನೆ, ಗ್ಯಾರೇಜಿನವರ ಉತ್ತರ

ಪ್ರಶ್ನೆ: ಅಪ್ಪ ಎಂಬತ್ತರ ದಶಕದಲ್ಲಿ ಕೊಂಡ ಮಿತ್ಸುಬಿಷಿ ಟಿಲ್ಲರ್ ಕೊಟ್ಟಿಗೆ ಪಕ್ಕದಲ್ಲಿ ಬಹಳ ವರ್ಷದಿಂದ ನಿಂತಿದೆ. ಹ್ಯಾಂಡಲ್ ಹೊಡೆದರೆ ಅಲುಗಾಡುವುದಿಲ್ಲ. ಮನೆಯಲ್ಲೇ ರಿಪೇರಿ ಮಾಡಿ ಹೊಸ ಬಣ್ಣ ಹೊಡೆಯುವ ಆಸೆ. ಪಕ್ಕದ ಮನೆಯವರು ಗುಜರಿಗೆ ಹಾಕಿ ಅನ್ನುತ್ತಾರೆ. ಯಾವ ಬಣ್ಣ, ಎಷ್ಟು ಕೋಟು, ಬ್ರಷ್ಷೋ ಸ್ಪ್ರೇಯೋ ತಿಳಿಸಿ.
– ಅಡಿಕೆ ತೋಟದವರು, ತೀರ್ಥಹಳ್ಳಿ

ಉತ್ತರ: ಗುಜರಿಗೆ ಹಾಕಬೇಡಿ. ತೂಕಕ್ಕೆ ಬರುವ ದುಡ್ಡು ಒಂದು ಹಬ್ಬದ ಖರ್ಚಿಗೂ ಸಾಲದು. ಇದು ನಮ್ಮ ಬೆಂಗಳೂರಿನ ಗಾಡಿ. ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು. ಇವತ್ತಿಗೂ ಟಿಲ್ಲರ್ ಮಾಡುತ್ತಿದೆ. ಮಲೆನಾಡಿನಲ್ಲಿ ಇದರ ಮೈ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ.

ಆದರೆ ನೀವು ಕೇಳಿದ್ದೆಲ್ಲ ಬಣ್ಣದ ಬಗ್ಗೆ. ಇಂಜಿನ್‌ಗೆ ಸಿಕ್ಕಿದ್ದು ಒಂದೇ ಸಾಲು. ಅದನ್ನು ಉಲ್ಟಾ ಮಾಡಿ. ಬಣ್ಣ ಹೊಡೆದ ಮೇಲೆ ಇಂಜಿನ್ ಬಿಚ್ಚಿದರೆ ಸ್ಪ್ಯಾನರ್ ತಾಗಿ ಬೋಲ್ಟಿನ ಸುತ್ತ ಬಣ್ಣ ಎದ್ದುಬರುತ್ತದೆ, ಡೀಸೆಲ್ ಬಿದ್ದ ಕಡೆ ಕಲೆ. ಮಾಡಿದ ಕೆಲಸ ಮತ್ತೆ ಮಾಡಬೇಕು.

ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದುಕೊಂಡು ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿ. ಆಗಲೂ ಬಾರದಿದ್ದರೆ ಪಿಸ್ಟನ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಂಡಿದೆ. ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಇಬ್ಬರು ಸೇರಿ ಎಳೆಯುವ ಶೌರ್ಯ ಬೇಡ. ಡೀಸೆಲ್ ಚಿಮ್ಮುವ ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎ.ಟಿ.ಎಫ್. ಆಯಿಲ್ (ಆಟೋಮ್ಯಾಟಿಕ್ ಗೇರಿಗೆ ಹಾಕುವ ಎಣ್ಣೆ) ಅರ್ಧರ್ಧ ಬೆರೆಸಿ ಬಿಡಬೇಕು. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಟಿಲ್ಲರಿನ ಸಿಲಿಂಡರ್ ಅಡ್ಡ ಮಲಗಿರುತ್ತದೆ. ಹಾಗೇ ಎಣ್ಣೆ ಬಿಟ್ಟರೆ ಕೆಳಗಿನ ಅಂಚಲ್ಲಿ ನಿಲ್ಲುತ್ತದೆ, ಮೇಲಿನ ಅಂಚು ಒಣಗಿಯೇ ಇರುತ್ತದೆ. ಆಮೇಲೆ "ವಾರ ನೆನೆಸಿದರೂ ಬಿಡಲಿಲ್ಲ" ಅನ್ನುತ್ತಾರೆ. ಇಂಜಿನ್ ಆಯಿಲ್ ಮತ್ತು ಡೀಸೆಲ್ ಖಾಲಿ ಮಾಡಿ, ಇಂಜಿನ್ ಇಳಿಸಿ, ಹೆಡ್ (ಸಿಲಿಂಡರಿನ ಮುಚ್ಚಳ) ಆಕಾಶ ನೋಡುವ ಹಾಗೆ ಮರದ ದಿಮ್ಮಿ ಕೊಟ್ಟು ಭದ್ರವಾಗಿ ನಿಲ್ಲಿಸಿ. ಈಗ ಎಣ್ಣೆ ಪಿಸ್ಟನ್ ಸುತ್ತ ಸಮನಾಗಿ ಇಳಿಯುತ್ತದೆ. ದಿನಕ್ಕೊಮ್ಮೆ ಫ್ಲೈವೀಲನ್ನು (ಇಂಜಿನ್ನಿನ ಭಾರದ ಚಕ್ರ) ಆ ಕಡೆ ಈ ಕಡೆ ಕೈಯಲ್ಲೇ ಅಲ್ಲಾಡಿಸಿ. ಕೂದಲೆಳೆಯಷ್ಟು ಸರಿದರೂ ಸಾಕು, ಗೆದ್ದ ಹಾಗೆ. ಹೀಗೂ ಬಿಡದಿದ್ದರೆ ಹೆಡ್ ಬಿಚ್ಚಬೇಕು. ಆಗ ಲೇತ್‌ನವರ ಹತ್ತಿರ ಹೋಗಿ, ಸುಮ್ನೆ ಸುತ್ತಿಗೆ ಹಿಡಿಯಬೇಡಿ.

ತಿರುಗಿತು ಅಂತ ಖುಷಿಯಲ್ಲಿ ತಕ್ಷಣ ಸ್ಟಾರ್ಟ್ ಮಾಡಲು ಹೋಗಬೇಡಿ. ನಾಜಲ್ ಹೊರಗಿಟ್ಟು ಹ್ಯಾಂಡಲ್ ಹೊಡೆದು ಬೋರಿನಲ್ಲಿ ನಿಂತ ಎಣ್ಣೆಯನ್ನೆಲ್ಲ ಹೊರಗೆ ಹಾಕಿ. ಎಣ್ಣೆ ಒಳಗೇ ಇದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೋರಿ ಕೆಳಗೆ ಇಳಿದದ್ದೂ ಇರುತ್ತದೆ, ಆದ್ದರಿಂದ ಹೊಸ ಇಂಜಿನ್ ಆಯಿಲ್ ಹಾಕಿ. ಏರ್ ಕ್ಲೀನರ್ ಬಿಚ್ಚಿ ನೋಡಿ, ಇಲಿ ಗೂಡು ಕಟ್ಟಿರುವುದು ನಮ್ಮ ಕಡೆ ಮಾಮೂಲು. ಟ್ಯಾಂಕಿನ ಹಳೇ ಡೀಸೆಲ್ ಚೆಲ್ಲಿ, ಹಿಡಿಯಷ್ಟು ನಟ್ಟು ಹಾಕಿ ಕುಲುಕಿ ತೊಳೆದರೆ ಒಳಗಿನ ತುಕ್ಕು ಬರುತ್ತದೆ. ಫಿಲ್ಟರ್ ಹೊಸದು ಹಾಕಿ. ಆಮೇಲೆ ಡೀಸೆಲ್ ಪೈಪಿನ ಏರ್ ತೆಗೆಯಿರಿ: ಡೀಸೆಲ್ ಪಂಪಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬರುವವರೆಗೆ ಬಿಡಿ.

ನಾಜಲ್ ಹೊರಗಿಟ್ಟು ಅದು ಹೇಗೆ ಉಗುಳುತ್ತದೆ ಅಂತ ನೋಡುವ ಚಾಳಿ ಎಲ್ಲರಿಗೂ ಇದೆ. ನೋಡಿ, ಆದರೆ ಅದರ ಮುಂದೆ ಬೆರಳು ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯುವಂಥ ಹಾನಿ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಬೆಲ್ಟ್ ಕಳಚಿಡಿ. ಇಂಜಿನ್ ಒಂದೇ ಓಡಲಿ. ಪಂಪಿನ ಲಿವರ್ ಸಲೀಸಾಗಿ ಆಡುತ್ತದಾ ನೋಡಿಕೊಳ್ಳಿ. ತುಕ್ಕಿಗೆ ಸಿಕ್ಕಿಕೊಂಡಿದ್ದರೆ ಇಂಜಿನ್ ರೇಸ್ ಆಗುತ್ತಲೇ ಹೋಗುತ್ತದೆ, ನಿಲ್ಲಿಸಲು ಬರುವುದಿಲ್ಲ. ಗಾಳಿ ಹೋಗುವ ಬಾಯಿ ಮುಚ್ಚಲು ಒಂದು ಹಲಗೆ ತುಂಡು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಅಂಗೈ ಇಟ್ಟು ಮುಚ್ಚುವ ಸಾಹಸ ಬೇಡ.

ಓಡಿತು, ಸೋರಿಕೆ ನಿಂತಿತು, ತೋಟದಲ್ಲಿ ಒಂದೆರಡು ಸುತ್ತು ಹೊಡೆದಿರಿ. ಈಗ ಬಣ್ಣದ ಮಾತು. ಸೀಮೆಎಣ್ಣೆ ಇಲ್ಲವೇ ಡೀಸೆಲ್ಲಿನಲ್ಲಿ ಜಿಡ್ಡು ತೊಳೆದ ಮೇಲೆ ಸೋಪಿನ ನೀರಲ್ಲಿ ಮತ್ತೆ ತೊಳೆಯಬೇಕು. ಇಲ್ಲದಿದ್ದರೆ ಎಣ್ಣೆಯ ಪೊರೆ ಉಳಿದು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ. ಹಳೇ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿ.ಪಿ.ಎಂ. (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಬಂದದ್ದೇ 2017ರಲ್ಲಿ. ಹಾಗಾಗಿ ಒಣ ಉಜ್ಜುವುದು ಬೇಡ. ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ತುಕ್ಕು ತೆಗೆದ ಕಬ್ಬಿಣ ಚೆನ್ನಾಗಿ ಒಣಗಿದ ತಕ್ಷಣ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಕಾಣಬೇಕು. ನಮ್ಮ ಹವೆಯಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ಕೆಂಪು. ಮೇಲೆ ಸಿಂಥೆಟಿಕ್ ಎನಾಮೆಲ್, ತೆಳುವಾಗಿ ಎರಡು ಕೋಟು. ಬ್ರಷ್ ಸಾಕು, ಸ್ಪ್ರೇ ಇದ್ದರೆ ಚೆಂದ. ಜನವರಿ ಫೆಬ್ರವರಿ ಒಳ್ಳೇ ಕಾಲ, ಆದರೆ ಅಂಗಳದಲ್ಲಿ ಅಡಿಕೆ ಕೆಲಸ ಇರುವ ದಿನ ಬೇಡ. ಆ ದೂಳೆಲ್ಲ ಬಾನೆಟ್ ಮೇಲೆ ಕೂರುತ್ತದೆ. ಸಂಜೆ ಹೊತ್ತೂ ಬೇಡ, ದೀಪದ ಹುಳ ಅಂಟುತ್ತದೆ. ಇಂಜಿನ್ ನಂಬರಿನ ತಗಡು, ಗ್ರೀಸ್ ನಿಪ್ಪಲ್, ಪುಲ್ಲಿಯಲ್ಲಿ ಬೆಲ್ಟ್ ಕೂರುವ ಜಾಗ, ಗಾಳಿಯಾಡುವ ಬ್ರೀದರ್ ತೂತು ಇವಕ್ಕೆ ಬಣ್ಣ ತಾಗಬಾರದು.

ಪ್ರಶ್ನೆ: ಹಳೇ ಟ್ರೇಲರ್‌ಗೆ ಬ್ರಷ್ಷಿನಲ್ಲಿ ಎನಾಮೆಲ್ ಹೊಡೆದಿದ್ದೆ. ಅದರ ಮೇಲೆ ಬೇಗ ಒಣಗುವ ಬಣ್ಣ ಸ್ಪ್ರೇ ಮಾಡಿಸಿದೆ. ಎಲ್ಲ ಸುಕ್ಕುಗಟ್ಟಿತು. ಬಣ್ಣವೇ ಕಳಪೆಯಾ?
– ಓದುಗರು, ಶಿರಸಿ

ಉತ್ತರ: ಬಣ್ಣ ಸರಿಯಾಗೇ ಇದೆ, ಜೋಡಿ ಸರಿಯಿಲ್ಲ. ಬೇಗ ಒಣಗುವುದು ಅಂದರೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣ. ಅದರ ತಿನ್ನರ್ ಬಹಳ ಚುರುಕು. ಕೆಳಗಿನ ಎನಾಮೆಲ್ ಒಳಕ್ಕೆ ಇಳಿದು ಅದನ್ನು ಹಾಲಿನ ಕೆನೆ ಥರ ಮುದುಡಿಸಿ ಎಬ್ಬಿಸುತ್ತದೆ. ಈಗ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಮುಂದೆ ಹಳೇ ಬಣ್ಣ ಯಾವುದು ಅಂತ ಗೊತ್ತಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಎನ್.ಸಿ. ತಿನ್ನರ್ ಬಟ್ಟೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಸುಕ್ಕಾದರೆ ಮೇಲೆ ಎನಾಮೆಲ್ಲನ್ನೇ ಹೊಡೆಯಿರಿ, ಟರ್ಪೆಂಟೈನ್ ಬೆರೆಸಿ. ಕಾರಿಗೆ ಹೊಡೆಯುವ ಎರಡು ಡಬ್ಬಿಯ ಪಿ.ಯು. (ಪಾಲಿಯುರೆಥೇನ್) ಬಣ್ಣ ಮನೆಯಲ್ಲಿ ಬೇಡವೇ ಬೇಡ. ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ತಡೆಯುವುದಿಲ್ಲ.

ಪ್ರಶ್ನೆ: ಟಿಲ್ಲರಿನ ಗೇರ್ ಬಾಕ್ಸಿಗೆ ಹೊಸ ಆಯಿಲ್ ಸೀಲು ಹಾಕಿಸಿದರೂ ಸೋರುತ್ತಿದೆ. ಹಳೇ ಮಾಡೆಲ್ಲಿನ ಸೀಲು ಸಿಗುವುದಿಲ್ಲ ಅನ್ನುತ್ತಾರೆ.
– ರೈತ ಮಹಿಳೆ, ಮಂಡ್ಯ

ಉತ್ತರ: ಮಾಡೆಲ್ ಹೇಳಿ ಕೇಳಬೇಡಿ ಅಮ್ಮ, ನಂಬರ್ ಹೇಳಿ. ಸೀಲಿನ ಮೇಲೆ 35-52-7 ಥರ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಬೇರಿಂಗ್ ಅಂಗಡಿಯಲ್ಲಿ ಈ ಅಂಕಿ ಸಾಕು. ಹೊಸದೂ ಸೋರುತ್ತಿದೆ ಅಂದರೆ ಮೊದಲು ಬ್ರೀದರ್ ತೂತು ಮಣ್ಣಿನಿಂದ ಕಟ್ಟಿದೆಯಾ ನೋಡಿಸಿ. ಆಮೇಲೆ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಗೀರು ತಗುಲಿದರೆ ಹಳೇ ಸೀಲು ಅಲ್ಲಿ ಸವೆಸಿದೆ. ಜಾಗ ಇದ್ದರೆ ಹೊಸ ಸೀಲನ್ನು ಸ್ವಲ್ಪ ಹಿಂದೆ ಮುಂದೆ ಕೂರಿಸಲಿ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೇ ಇರಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಜಾನ್ ಡಿಯರ್ 110 ಅನ್ನುವ ಹಳೇ ಪುಟ್ಟ ಟ್ರ್ಯಾಕ್ಟರ್ ಕೊಂಡಿದ್ದಾನೆ. ಬಾಡಿ ಬಿಳಿ, ಬಾನೆಟ್ ನೀಲಿ. ಯಾರೋ ಬಣ್ಣ ಬದಲಾಯಿಸಿದ್ದಾರೆ, ಕಂಪನಿಯ ಹಸಿರು ಹೊಡೆಯುತ್ತೇನೆ ಅನ್ನುತ್ತಾನೆ.
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಮೇಷ್ಟ್ರೇ, ಇವತ್ತೇ ಫೋನ್ ಮಾಡಿ ನಿಲ್ಲಿಸಿ! 110 ಶುರುವಾದದ್ದು 1963ರಲ್ಲಿ, ಮಾಮೂಲಿ ಹಸಿರು ಹಳದಿಯಲ್ಲೇ. ಆದರೆ 1969ರ ಸುಮಾರಿಗೆ ಕಂಪನಿಯೇ ಸ್ವಲ್ಪ ಕಾಲ ಬಿಳಿ ಬಾಡಿಗೆ ಕೆಂಪು, ಕಿತ್ತಳೆ, ನೀಲಿ, ಹಳದಿ ಬಾನೆಟ್ಟು ಸೀಟು ಕೊಟ್ಟು ಮಾರಿತ್ತು. ಪೇಟಿಯೋ ಸೀರೀಸ್ ಅಂತ ಹೆಸರು. ಹಳೇ ಗಾಡಿ ಪ್ರಿಯರು ಅದನ್ನು ಹುಡುಕಿಕೊಂಡು ಬರುತ್ತಾರೆ. ಸೀಟಿನ ತಳ, ಬಾನೆಟ್ಟಿನ ಒಳಮೈ ನೋಡಲಿ. ನೀಲಿಯ ಕೆಳಗೆ ಹಸಿರು ಕಾಣದಿದ್ದರೆ ಅದು ಕಂಪನಿ ಬಣ್ಣವೇ ಇರಬಹುದು. ಹಾಗಿದ್ದರೆ ತೊಳೆದು ಪಾಲಿಷ್ ಮಾಡಿದರೆ ಸಾಕು, ಹಸಿರು ಡಬ್ಬಿ ಅಂಗಡಿಗೆ ವಾಪಸ್ ಕೊಡಲಿ.